ತಾಮ್ರದ ಕೊಡದ ಹಸಿರು ಗೆರೆ

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಚಟ. ಕುಡಿಯಲು ನೀರು ಕೊಟ್ಟರೆ, ಅದು ಯಾವ ಪಾತ್ರೆಯಿಂದ ಬಂತೆಂದು ಅಡುಗೆಮನೆಯ ಕಡೆ ಕತ್ತು ಉದ್ದ ಮಾಡಿ ನೋಡುತ್ತೇನೆ. ಮಗಳನ್ನು ಕೊಟ್ಟ ಬೀಗರ ಮನೆಗೆ ಮೊದಲ ಸಲ ಹೋದಾಗ ಹೀಗೆ ಇಣುಕಿದ್ದಕ್ಕೆ, ಪಾಪ, ಬೀಗರು ಗಾಬರಿಯಾಗಿ ಎದ್ದು ನಿಂತಿದ್ದರು. 'ಇವರಿಗೆ ದನದ ದವಾಖಾನಿಯಿಂದ ನಿವೃತ್ತಿ ಆಯಿತು ನೋಡ್ರಿ, ಪಾತ್ರೆ ತಪಾಸಣೆಯಿಂದ ಇನ್ನೂ ಆಗಿಲ್ಲ' ಎಂದು ನನ್ನ ಹೆಂಡತಿ ನಕ್ಕು ಮಾತು ತೇಲಿಸಿದಳು. ಮನೆಗೆ ಬಂದ ಮೇಲೆ ನಗಲಿಲ್ಲ.

ಅವಳಿಗೂ ನನಗೂ ಈ ವಿಷಯದಲ್ಲಿ ಹಳೆಯ ಜಗಳ. ನಮ್ಮ ಮನೆಯಲ್ಲೊಂದು ತಾಮ್ರದ ಕೊಡ ಇದೆ. ಅವಳು ಸೋಮವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ. ಹೊರಗೆ ಬಂಗಾರದ ಹಾಗೆ ಹೊಳೆಯುತ್ತದೆ. ಒಳಗೆ, ಕುತ್ತಿಗೆಯ ಕೆಳಗಿನ ತಿರುವಿನಲ್ಲಿ, ಕೈ ಹೋಗದ ಜಾಗದಲ್ಲಿ ಒಂದು ಹಸಿರು ಗೆರೆ ಉಳಿದುಬಿಟ್ಟಿದೆ. 'ಇದನ್ನ ಬಾಂಡೆ ಅಂಗಡಿಗೆ ಹಾಕಿ ಹೊಸದು ತರೋಣ' ಎಂದು ಅವಳು. 'ಬ್ಯಾಡ' ಎಂದು ನಾನು. ಕಾರಣ ಕೇಳಿದರೆ ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತೇನೆ. ಪೇಪರಿನ ಹಿಂದೆ ಕೂತು ನಾನು ನೋಡುವುದು ಜೇವರ್ಗಿಯ ಒಂದು ಮನೆಯನ್ನು, ಅಲ್ಲಿನ ಗಾಜಿನ ತೊಟ್ಟಿಯನ್ನು, ಅದರೊಳಗೆ ವಿಭೂತಿ ಹಚ್ಚಿಕೊಂಡು ಓಡಾಡುತ್ತಿದ್ದ ಎರಡು ಮೀನುಗಳನ್ನು.

ವಿಭೂತಿಯ ಮಾತು ಆಮೇಲೆ. ಮೊದಲು ತಾಮ್ರ.

ನಾನು ಹುಟ್ಟಿ ಬೆಳೆದದ್ದು ಆಳಂದ ಕಡೆಯ ನರೋಣಾದಲ್ಲಿ. ನಮ್ಮ ಮನೆಯಲ್ಲಿ ಯಾರಿಗೆ ಏನೇ ಆಗಲಿ, ಮೊದಲ ದವಾ ತಾಮ್ರದ ನೀರು. ಜ್ವರ ಬಂದು ನಾನು ಕೌದಿ ಹೊದ್ದು ಮಲಗಿದರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ, ಮೇಲೆ ಒದ್ದೆ ಅರಿವೆ ಕಟ್ಟಿಟ್ಟು, ಬೆಳಿಗ್ಗೆ ಕುಡಿಸುತ್ತಿದ್ದಳು. 'ತಾಮ್ರದ ನೀರ ಕುಡದ್ರ ಬ್ಯಾನಿ ಅಂಜಿ ಓಡ್ತದ' ಎನ್ನುತ್ತಿದ್ದಳು. ನನ್ನ ಬ್ಯಾನಿ ಓಡಿದ್ದು ಆ ನೀರಿಗೋ, ಆಯಿ ಕೈ ನೆಟಿಗೆ ಮುರಿದು ದೃಷ್ಟಿ ತೆಗೆದದ್ದಕ್ಕೋ ಇವತ್ತಿಗೂ ಗೊತ್ತಿಲ್ಲ. ಪಶುವೈದ್ಯ ಶಾಸ್ತ್ರ ಓದಿ ಬಂದ ಮೇಲೂ ಮೈ ಬಿಸಿಯಾದರೆ ನನ್ನ ಕೈ ಮೊದಲು ಹುಡುಕುತ್ತಿದ್ದದ್ದು ಆ ತಂಬಿಗೆಯನ್ನೇ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಎಲ್ಲರಿಗೂ ಗೊತ್ತೇ ಇರುತ್ತದೆ.

ನಮ್ಮಪ್ಪನ ಕಿರಿಯ ತಮ್ಮ ಸಿದ್ರಾಮ ಕಾಕಾ. ನರೋಣಾದಿಂದ ಮುಂಬೈಗೆ ಹೋದವರು ಗಿರಣಿ ಸೇರುತ್ತಿದ್ದರು, ಇಲ್ಲವೇ ಕಟ್ಟಡದ ಕೆಲಸ ಹಿಡಿಯುತ್ತಿದ್ದರು. ಕಾಕಾ ಹಡಗು ಸೇರಿದ. ಬಾವಿಯ ನೀರಿಗೂ ಪಾಳಿ ಹಚ್ಚುವ ಊರಿನಿಂದ ಹೋದವನು ನೀರಿನ ಮೇಲೆಯೇ ಮನೆ ಮಾಡಿದ. ಹಡಗಿನ ಹೊಟ್ಟೆಯೊಳಗೆ, ಇಂಜಿನ್ನಿನ ಪಕ್ಕದಲ್ಲಿ, ಪೈಪುಗಳ ನಡುವೆ ಅವನ ಕೆಲಸ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಬಂದರೆ ನಮಗೆಲ್ಲ ಶಂಖ, ಕವಡೆ ತರುತ್ತಿದ್ದ. ಶಂಖವನ್ನು ಕಿವಿಗೆ ಹಿಡಿದರೆ ಸಮುದ್ರ ಕೇಳಿಸುತ್ತದೆ ಎಂದು ಅವನು ಹೇಳಿದ್ದು. ನನ್ನ ತಮ್ಮ ತನಗೆ ಮುಂಬೈ ಬಸ್ಸಿನ ಹಾರ್ನು ಕೇಳಿಸಿತು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

ಕಾಕಾನ ಹೆಂಡತಿ ಸುಗಲವ್ವ ಕಾಕು. ತವರು ಅಂದೋಲಾ. ಮದುವೆಯಾಗಿ ತಿಂಗಳು ತುಂಬುವ ಮೊದಲೇ ಗಂಡ ಹಡಗು ಹತ್ತಿದ. ಅವಳು ಬಳುವಳಿಯಾಗಿ ಬಂದ ತಾಮ್ರದ ಕೊಡವನ್ನು ಎತ್ತಿಕೊಂಡು ತವರಿಗೇ ವಾಪಸಾದಳು. ಮಕ್ಕಳಾಗಲಿಲ್ಲ. 'ಸುಗಲವ್ವನ ಗಂಡ ಎಲ್ಲಿದ್ದಾನ' ಎಂದು ಯಾರಾದರೂ ಕೇಳಿದರೆ, 'ನೀರಾಗ' ಎಂದು ಅವಳ ಅಣ್ಣಂದಿರೇ ಹಾಸ್ಯ ಮಾಡುತ್ತಿದ್ದರಂತೆ. ಅವಳೂ ನಗುತ್ತಿದ್ದಳಂತೆ. ಹಾಗೆ ನಗುವುದು ಎಷ್ಟು ಕಷ್ಟವಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಇಪ್ಪತ್ತು ವರ್ಷದ ಮೇಲೆ ಕಾಕಾ ಹಡಗು ಬಿಟ್ಟು ಬಂದ. ಎಂಬತ್ತರ ದಶಕದ ನಡುವಿನ ಮಾತು. ಅಂದೋಲಾಕ್ಕೆ ಹತ್ತಿರ ಇರಲೆಂದು ಜೇವರ್ಗಿಯಲ್ಲಿ ಮನೆ ಹಿಡಿದ. ನನಗೂ ಆಗಷ್ಟೇ ಅಲ್ಲಿನ ದನದ ದವಾಖಾನಿಗೆ ಡಾಕ್ಟರಾಗಿ ನೇಮಕವಾಗಿತ್ತು. ಇನ್ನೂ ಮದುವೆಯಾಗಿರಲಿಲ್ಲ, ಬೇರೆ ಕೋಣೆ ಹಿಡಿದಿದ್ದರೂ ಊಟ ಕಾಕುವಿನ ಕೈಯದೇ.

ಹಡಗು ಬಿಟ್ಟರೂ ಕಾಕಾನನ್ನು ಸಮುದ್ರ ಬಿಟ್ಟಿರಲಿಲ್ಲ. ಬಂದ ಹೊಸದರಲ್ಲಿ ಅವನಿಗೆ ನೆಲದ ಮೇಲೆ ನಿದ್ದೆಯೇ ಹತ್ತುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ತೊಗರಿ ಹೊಲ ನೋಡುತ್ತ ಸುಮ್ಮನಾಗುತ್ತಿದ್ದ. ಒಂದು ದಿನ ಮುಂಬೈಗೆ ತೊಗರಿಬೇಳೆ ಒಯ್ದ ಲಾರಿಯಲ್ಲಿ ಒಂದು ಗಾಜಿನ ತೊಟ್ಟಿ, ಗಾಳಿ ಊದುವ ಸಣ್ಣ ಮೋಟರು, ಹತ್ತಾರು ಕ್ಯಾನು ಸಮುದ್ರದ ನೀರು, ಎರಡು ಮೀನು ಮತ್ತು ಶಂಖದೊಳಗೆ ಮನೆ ಮಾಡಿದ ಒಂದು ಏಡಿ ಬಂದವು. ಹಡಗಿನ ಹಳೆಯ ಜೊತೆಗಾರನೊಬ್ಬ ಮುಂಬೈಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ, ಅವನ ಕೊಡುಗೆ.

ಓಣಿಗೆ ಓಣಿಯೇ ನೋಡಲು ಬಂತು. ಲಿಂಗವಂತರ ಮನೆಯಲ್ಲಿ ಮೀನು! ಹೊಸ್ತಿಲಲ್ಲಿ ನಿಂತವರು ಮೂಗಿಗೆ ಸೆರಗು ಹಿಡಿದೇ ಮಾತಾಡಿದರು. ಎಲ್ಲರೂ ಕಾಕುವಿನ ಮುಖ ನೋಡಿದರು. ಕಾಕು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಬೆರಳುದ್ದದ ಕೇಸರಿ ಬಣ್ಣದ ಮೀನು, ಮೈಮೇಲೆ ಮೂರು ಬಿಳಿ ಪಟ್ಟೆ.

"ಮೂರ ಗೆರಿ ವಿಭೂತಿ ಹಚ್ಚ್ಯಾವ ನೋಡ್ರಿ" ಎಂದಳು. "ನಮ್ಮ ಪೈಕಿನೇ ಅದಾವ. ಇರಲಿ ಬಿಡ್ರಿ."

ಆದರೆ ಅವಕ್ಕೆ ಹಾಕುವ ಒಣಸೀಗಡಿ ಪುಡಿಯ ಡಬ್ಬಿಗೆ ಮಾತ್ರ ಮನೆಯೊಳಗೆ ಪ್ರವೇಶವಿರಲಿಲ್ಲ. ಅದು ಅಂಗಳದ ಬೇವಿನ ಗಿಡಕ್ಕೆ ನೇತಾಡುತ್ತಿತ್ತು. ಕಾಕಾ ಹೊರಗೆ ಹೋಗಿ ಚಿಟಿಕೆ ತಂದು ಹಾಕಿ, ಕೈ ತೊಳೆದೇ ಏನಾದರೂ ಮುಟ್ಟಬೇಕು. ಹಡಗಿನ ಕಪ್ತಾನನಿಗೂ ಹೆದರದ ಕಾಕಾ ಈ ಕಾಯಿದೆಗೆ ಹೆದರುತ್ತಿದ್ದ.

ಮೀನು ಬಂದ ಮೇಲೆ ಕಾಕಾ ಮನುಷ್ಯನಾದ. ನಿದ್ದೆ ಹತ್ತಿತು, ಮಾತು ಬಂತು, ಕಟ್ಟೆಗೆ ಗೆಳೆಯರು ಬಂದರು. ಒಂದು ಸಂಜೆ ಅವರ ಮುಂದೆ ನಗುತ್ತ ಹೇಳಿದ: "ಮುಂಬೈ ಗೆಳ್ಯಾ ಅಂಗಡಿಗಿ ಬಾ ಅಂತ ಕರಿಲಾಕ ಹತ್ಯಾನ. ಈ ಮೀನ ಇರೋತನಕ ನಾ ಇಲ್ಲಿ. ಇವು ಸತ್ತ ಮರುದಿನ ಗಂಟು ಕಟ್ತೇನಿ."

ಗೆಳೆಯರು ನಕ್ಕರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕುವಿನ ಕೈ ನಿಂತದ್ದು ನನಗೆ ಮಾತ್ರ ಕೇಳಿಸಿತು. ರೊಟ್ಟಿಯ ಸದ್ದು ಬಹಳ ಹೊತ್ತು ಮತ್ತೆ ಶುರುವಾಗಲಿಲ್ಲ.

ಹೀಗಿರುವಾಗ ಬೇಸಿಗೆ ಬಂತು. ಜೇವರ್ಗಿಯ ಬೇಸಿಗೆ ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ, ಕಾಗೆ ಕೂಡ ಮಧ್ಯಾಹ್ನ ಬಾಯಿ ತೆರೆದುಕೊಂಡೇ ಕೂತಿರುತ್ತದೆ. ತೊಟ್ಟಿಯ ಸುತ್ತ ಒದ್ದೆ ಗೋಣಿಚೀಲ ಕಟ್ಟಿದ್ದೆವು. ಒಂದು ಬೆಳಿಗ್ಗೆ ಕಾಕು ನನ್ನನ್ನು ಕರೆದಳು.

"ಶಿವು, ಇವುಗಳ ವಿಭೂತಿ ಮೈತುಂಬ ಉದರ್ಯದ ನೋಡಪಾ."

ನೋಡಿದೆ. ಪಟ್ಟೆಯ ಆಚೆಗೂ ಮೈಮೇಲೆಲ್ಲ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಮೀನುಗಳು ಕಲ್ಲಿಗೆ ಮೈ ತಿಕ್ಕಿಕೊಳ್ಳುತ್ತಿದ್ದವು. ಕಾಕಾ ಬಂದು ಬಗ್ಗಿ ನೋಡಿದವನು ಮೇಲೇಳುವಾಗ ಬೇರೆಯೇ ಮುಖ ಮಾಡಿಕೊಂಡಿದ್ದ.

"ಹುಳದ ಬ್ಯಾನಿ" ಎಂದ. "ಕಣ್ಣಿಗಿ ಕಾಣದ ಹುಳ. ಉಸಿರಾಡೋ ಕಿವಿರಿಗಿ ಹತ್ತಿತಂದ್ರ ಮುಗೀತು. ನೀ ಡಾಕ್ಟರ್ ಇದ್ದಿ, ಏನರೆ ಮಾಡೋ."

ನಾನು ಡಾಕ್ಟರು ಹೌದು. ಭುಜದವರೆಗೂ ಕೈ ಹಾಕಿ ಎಮ್ಮೆಯ ಹೊಟ್ಟೆಯೊಳಗೆ ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ಎಳೆದವನು. ಆದರೆ ನನ್ನ ರೋಗಿಗಳಿಗೆ ಕನಿಷ್ಠಪಕ್ಷ ಕಾಲಾದರೂ ಇರುತ್ತಿದ್ದವು. ಆ ದಿನ ದವಾಖಾನಿಯಲ್ಲಿ ಕೂತು ಪುಸ್ತಕ ತಿರುವಿದೆ. ಕುದುರೆಯಿಂದ ಕೋಳಿಯವರೆಗೆ ಎಲ್ಲ ಇತ್ತು, ಮೀನಿರಲಿಲ್ಲ. ಎತ್ತು ಹೊಡೆದುಕೊಂಡು ಬಂದಿದ್ದ ಇಜೇರಿಯ ರೈತನೊಬ್ಬ ಕೇಳಿದ: "ಸಾಹೇಬ್ರ, ಬಾಳ ಚಿಂತ್ಯಾಗ ಅದೀರಿ. ಮನ್ಯಾಗ ಯಾರಿಗರೆ ಆರಾಮಿಲ್ಲೇನ್ರಿ?"

"ಮೀನಿಗೆ" ಎಂದೆ.

ಅವನು ನನ್ನನ್ನು ಒಮ್ಮೆ ನೋಡಿ, ಎತ್ತನ್ನು ಮೆಲ್ಲಗೆ ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡ.

ದವಾ ಯಾವುದೆಂದು ಹೇಳಿದವನು ಕಾಕಾನೇ, ಮುಂಬೈಯ ಅಂಗಡಿಯಲ್ಲಿ ನೋಡಿದ್ದ. ಮೈಲುತುತ್ತ. ಕೇಳಿ ನನಗೆ ಜೀವ ಬಂತು, ಏಕೆಂದರೆ ಅದು ನನ್ನ ದವಾಖಾನಿಯ ಕಪಾಟಿನಲ್ಲೇ ಇತ್ತು. ಕಾಲುಬಾಯಿ ಬೇನೆ ಬಂದ ದನಗಳ ಗೊರಸು ತೊಳೆಯಲು ನಾವು ಬಳಸುವ ನೀಲಿ ಹರಳು. ತಾಮ್ರದ ಉಪ್ಪು ಅದು. ಗೊರಸಿಗಾದರೆ ಬಕೆಟ್ಟಿಗೆ ಒಂದು ಹಿಡಿ ಎಸೆಯುತ್ತೇವೆ, ಹೆಚ್ಚು ಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಮೀನಿನ ಮಾತು ಹಾಗಲ್ಲ. ಚೂರು ಕಡಿಮೆಯಾದರೆ ಹುಳ ಸಾಯುವುದಿಲ್ಲ, ಚೂರು ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಎರಡರ ನಡುವಿನ ಜಾಗ ಸೂಜಿಯ ಕಣ್ಣಿನಷ್ಟು. ಅಕ್ಕಸಾಲಿಗರ ತಕ್ಕಡಿ ಕೇಳಿ ತಂದು, ಗುಲಗಂಜಿ ಇಟ್ಟು ಹರಳು ತೂಗಿ, ನೀರಿನಲ್ಲಿ ಕರಗಿಸಿ, ಕುರಿಗೆ ಚುಚ್ಚುವ ಸಿರಿಂಜಿನಲ್ಲಿ ಎಳೆದು ಹನಿ ಹನಿಯಾಗಿ ಬಿಟ್ಟೆವು. ಒಂದೊಂದು ಹನಿಯನ್ನೂ ಬಾಯಿಬಿಟ್ಟು ಎಣಿಸಿದೆ. ಆಮೇಲೆ ಹೆಣ್ಣು ನೋಡಲು ಹೋದಾಗಲೂ ಅಷ್ಟು ಹುಷಾರಾಗಿರಲಿಲ್ಲ.

ಶಂಖದ ಏಡಿಗೆ ತಾಮ್ರ ವಿಷ. ಹಾಗಾಗಿ ಅದನ್ನು ದೊಡ್ಡ ತೊಟ್ಟಿಯಲ್ಲೇ ಬಿಟ್ಟು, ಮೀನುಗಳನ್ನು ಬೇರೆಯೊಂದು ಸಣ್ಣ ತೊಟ್ಟಿಗೆ ಹಾಕಿದ್ದೆವು. ಸಣ್ಣ ತೊಟ್ಟಿಯ ನೀರು ಬೇಗ ಕೆಡುತ್ತದೆ. ದಿನಾ ಬೆಳಿಗ್ಗೆ ಅರ್ಧ ನೀರು ತೆಗೆದು, ಕ್ಯಾನಿನಿಂದ ಹೊಸ ಸಮುದ್ರದ ನೀರು ಸುರಿದು, ಸುರಿದಷ್ಟಕ್ಕೆ ಮಾತ್ರ ಮತ್ತೆ ದವಾ ಹಾಕಬೇಕು. ಕಾಕಾ ನೀರು ಸುರಿಯುವುದು, ನಾನು ದವಾ ಬಿಡುವುದು. ಕೆಲವೇ ದಿನಗಳಲ್ಲಿ ಚುಕ್ಕೆ ಉದುರಲು ಶುರುವಾದವು. ನಾನು ದವಾಖಾನಿಯಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ಓಡಾಡಿದೆ.

ಅಷ್ಟರಲ್ಲಿ ಕ್ಯಾನುಗಳು ಬರಿದಾಗತೊಡಗಿದವು. ಬೇಳೆಯ ಸುಗ್ಗಿ ಮುಗಿದಿತ್ತು, ಮುಂಬೈಯಿಂದ ತಿರುಗಿ ಬರುವ ಲಾರಿ ಇರಲಿಲ್ಲ. ದವಾ ನಡುವೆ ನಿಲ್ಲಿಸಿದರೆ ಬ್ಯಾನಿ ಮರುಕಳಿಸುತ್ತದೆ. ಒಂದು ಲಾರಿ ಹೋಗುವುದಿದೆ ಎಂದು ಗೊತ್ತಾಗಿ ಕಾಕಾ ತಾನೇ ಹೊರಟುಬಿಟ್ಟ.

"ನೀರ ತುಂಬಕೊಂಡು ಅದೇ ಲಾರ್ಯಾಗ ಬರ್ತೇನಿ. ಅಲ್ಲಿತನಕ ನೋಡಕೊಳ್ರಿ" ಎಂದ.

ಲಾರಿ ಓಣಿಯ ತಿರುವು ದಾಟಿತು. ಕಾಕು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಮದುವೆಯಾದ ತಿಂಗಳಲ್ಲೂ ಹೀಗೆಯೇ ನಿಂತಿದ್ದಳೇನೋ. ಆಮೇಲೆ ನನ್ನ ಕಡೆ ತಿರುಗಿದಳು.

"ಶಿವು, ಇವು ಹೋದ್ವು ಅಂದ್ರ ಅವರು ತಿರುಗಿ ಬರಂಗಿಲ್ಲ. ಬಂದ್ರೂ ಇರಂಗಿಲ್ಲ. ನನಗ ಮೀನಿಂದೇನ ಆಗಬೇಕಾಗಿಲ್ಲ. ಇಪ್ಪತ್ತ ವರ್ಷ ಒಬ್ಬಾಕೇ ಉಂಡೇನಿ. ಇನ್ನ ಆಗಂಗಿಲ್ಲಪಾ ನನಗ."

ಅಷ್ಟು ವರ್ಷದಲ್ಲಿ ಅವಳ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. 'ಏನೂ ಆಗಂಗಿಲ್ಲ ಬಿಡು ಕಾಕು' ಎಂದೆ. ಡಾಕ್ಟರುಗಳು ಏನೂ ತಿಳಿಯದಾಗ ಹೇಳುವ ಮಾತು ಅದು.

ಅಂದಿನಿಂದ ನೀರು ಬದಲಿಸುವ ಕೆಲಸ ಕಾಕುವಿನದಾಯಿತು. ನಾನು ಬರುವ ಮೊದಲೇ ಮುಗಿಸಿರುತ್ತಿದ್ದಳು. ಅಷ್ಟೇ ಅಲ್ಲ, ಬೇವಿನ ಗಿಡದ ಡಬ್ಬಿಯನ್ನೂ ತೆರೆದಳು. ಬೇವಿನ ಎಲೆಯಿಂದ ಸೀಗಡಿ ಪುಡಿ ಎತ್ತಿ, ಮುಖ ಆಚೆ ತಿರುಗಿಸಿ, ನೀರಿಗೆ ಉದುರಿಸಿ, ಹೋಗಿ ತಲೆ ಮೇಲೆ ನೀರು ಸುರಿದುಕೊಂಡು ಬಂದು ಲಿಂಗಪೂಜೆಗೆ ಕೂರುತ್ತಿದ್ದಳು. ಕೊಡ ನೀರಿಗೆ ಪಾಳಿ ಹಚ್ಚುವ ಆ ಬೇಸಿಗೆಯಲ್ಲಿ ಮೀನಿನ ಪ್ರತಿ ಊಟಕ್ಕೂ ಅವಳಿಗೊಂದು ಸ್ನಾನ.

ಕಾಕಾ ಹೋದ ಮರುದಿನ ಒಂದು ಮೀನು ಆಹಾರ ಮುಟ್ಟಲಿಲ್ಲ. ಅದರ ಮರುದಿನ ಎರಡೂ ಮುಟ್ಟಲಿಲ್ಲ. ಬಣ್ಣ ಕಂದಿತು. ಕಿವಿರು ಜೋರಾಗಿ ಹೊಡೆದುಕೊಳ್ಳತೊಡಗಿತು. ಬ್ಯಾನಿ ಕಿವಿರಿಗೆ ಹತ್ತಿತೇ? ಹಾಗಿದ್ದರೆ ದವಾ ಹೆಚ್ಚಿಸಬೇಕು. ಸಿರಿಂಜು ತುಂಬಿ ತೊಟ್ಟಿಯ ಮೇಲೆ ಹಿಡಿದೆ. ಆದರೆ ಮೈಮೇಲೆ ಚುಕ್ಕೆಯೇ ಇರಲಿಲ್ಲ, ಪಟ್ಟೆ ಬಿಟ್ಟರೆ ಮೈ ಸ್ವಚ್ಛ. ಹಾಗಿದ್ದರೆ ದವಾ ಹೆಚ್ಚಾಗಿದೆಯೇ? ಹರಳು ಮತ್ತೆ ತೂಗಿದೆ, ಲೆಕ್ಕ ಮತ್ತೆ ಹಾಕಿದೆ. ಎಲ್ಲ ಬರೋಬ್ಬರಿ ಇತ್ತು. ಒಂದು ನೋಟಕ್ಕೆ ಹಾಕು ಎನ್ನಿಸುವುದು, ಇನ್ನೊಂದು ನೋಟಕ್ಕೆ ತೆಗೆ ಎನ್ನಿಸುವುದು. ಕಾಕು ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು. ಕೊನೆಗೆ ಸಿರಿಂಜು ಕೆಳಗಿಟ್ಟೆ. ದವಾ ನಿಲ್ಲಿಸಿದೆ.

ದವಾ ನಿಲ್ಲಿಸಿದ ಮೇಲೆ ಮೀನು ಚೇತರಿಸಬೇಕು. ಇನ್ನಷ್ಟು ಕೆಟ್ಟವು.

ಇದು ನನಗೆ ಅರ್ಥವೇ ಆಗಲಿಲ್ಲ. ದವಾಖಾನಿಯಲ್ಲಿ ಆಕಳಿಗೆ ಕೊಡಬೇಕಾದ ಪುಡಿಯನ್ನು ಹೋರಿಯ ಮಾಲೀಕನ ಕೈಗಿತ್ತು ಬೈಸಿಕೊಂಡೆ. ಹಾಕದ ದವಾ ಹೇಗೆ ಹೆಚ್ಚಾಗುತ್ತದೆ? ಮಧ್ಯಾಹ್ನ ಕೆಲಸ ಅರ್ಧಕ್ಕೇ ಬಿಟ್ಟು ಕಾಕುವಿನ ಮನೆಗೆ ಓಡಿದೆ. ಕರೆಂಟು ಹೋಗಿತ್ತು, ಗಾಳಿಯ ಮೋಟರು ನಿಂತಿತ್ತು. ಕಾಕು ಲೋಟದಿಂದ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಸುರಿಯುತ್ತ ಕೂತಿದ್ದಳು. ಒಂದು ಮೀನು ಮಗ್ಗುಲಾಗಿ ತೇಲುತ್ತ, ಮತ್ತೆ ಕಷ್ಟಪಟ್ಟು ನೇರವಾಗುತ್ತ ಇತ್ತು.

"ನೀ ಸುರಿಯಪಾ ಸ್ವಲ್ಪ" ಎಂದು ಲೋಟ ನನ್ನ ಕೈಗಿತ್ತಳು. "ತಂಪ ನೀರ ತರ್ತೇನಿ. ನಿನ್ನೆ ಸಂಜೀಕ ಹಾಕಿಟ್ಟದ್ದು ಇನ್ನ ಉಳದದ."

ಒಳಗಿನಿಂದ ಅವಳು ಸೊಂಟದ ಮೇಲೆ ಹೊತ್ತು ತಂದದ್ದು ತಾಮ್ರದ ಕೊಡ. ತವರಿನ ಕೊಡ. ಬಾಯಿಗೆ ಒದ್ದೆ ಅರಿವೆ ಕಟ್ಟಿತ್ತು, ನಮ್ಮ ಆಯಿ ಕಟ್ಟುತ್ತಿದ್ದಳಲ್ಲ, ಹಾಗೆಯೇ. ಬಿಚ್ಚಿ ತೊಟ್ಟಿಗೆ ಬಗ್ಗಿಸಲು ಎತ್ತಿದಳು. ಬಿಸಿಲಕೋಲು ಕೊಡದ ಬಾಯೊಳಗೆ ಬಿತ್ತು. ನೀರು ನಿಂತಿದ್ದ ಮಟ್ಟಕ್ಕೆ ಸುತ್ತಲೂ ಹಸಿರು ಕಿಲುಬು.

ನಾನು ಕೊಡ ಹಿಡಿದುಬಿಟ್ಟೆ. "ಕಾಕು, ಬ್ಯಾಡ. ಇದರಾಗ ಯಾವಾಗಿಂದ ಹಾಕಾಕತ್ತಿ?"

"ಅವರು ಹೋದ ದಿನದಿಂದ. ಕ್ಯಾನಿನ ನೀರ ಎಣ್ಣಿ ನಾತ ಹೊಡೀತದಪಾ, ಸುಡ್ತಿರ್ತದ. ಬ್ಯಾನಿ ಬಿದ್ದ ಜೀವಕ್ಕ ಅದನ್ನ ಹ್ಯಾಂಗ ಹಾಕಲಿ? ದಿನಾ ಕೊಡ ತಿಕ್ಕಿ, ಸಂಜೀಕ ಆ ನೀರ ಇದರಾಗ ತುಂಬಿ, ಮುಂಜಾನಿ ಹಾಕ್ತೇನಿ. ತಾಮ್ರದ ನೀರ ಅಲ್ಲೇನು?"

ಗುಲಗಂಜಿ ಇಟ್ಟು ತೂಗಿ ಹನಿ ಲೆಕ್ಕದಲ್ಲಿ ನಾನು ಬಿಡುತ್ತಿದ್ದದ್ದು ತಾಮ್ರ. ಅದೇ ತಾಮ್ರವನ್ನು ಅವಳು ಕೊಡಗಟ್ಟಲೆ ಪ್ರೀತಿಯಿಂದ ಸುರಿಯುತ್ತಿದ್ದಳು. ಸಮುದ್ರದ ಉಪ್ಪುನೀರು ರಾತ್ರಿಯೆಲ್ಲ ಕೊಡದ ಮೈಯನ್ನು ತಿಂದು ಬೆಳಿಗ್ಗೆ ತೊಟ್ಟಿಗೆ ಬರುತ್ತಿತ್ತು. ಇದನ್ನು ಹೇಳುವುದು ಹೇಗೆ? ನಾನು ಸುಮ್ಮನಿದ್ದದ್ದೇ ತಪ್ಪಾಯಿತು. ಅವಳು ದಡ್ಡಿಯಲ್ಲ, ನನ್ನ ಮುಖ ನೋಡಿದಳು, ಕೊಡದೊಳಗೆ ನೋಡಿದಳು, ಹಸಿರು ನೋಡಿದಳು. ಮೆಲ್ಲಗೆ ಒಂದು ಬೆರಳು ಆ ನೀರಿನಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಇಷ್ಟ ಉಪ್ಪ ಇರ್ತದೇನ?" ಎಂದಳು.

ಇಪ್ಪತ್ತು ವರ್ಷ ಹಡಗಿನವನ ಹೆಂಡತಿಯಾಗಿದ್ದವಳು ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಉಪ್ಪು ಎಂದು ಕೇಳಿದ್ದಳು, ನಮ್ಮ ಕಡೆಯ ಬಾವಿಗಳೂ ಸವಳೇ ಅಲ್ಲವೇ, ಅಂಥದ್ದೇ ಇರಬೇಕು ಎಂದುಕೊಂಡಿದ್ದಳು. ಅವಳ ಮಟ್ಟಿಗೆ ನೀರು ಅಂದರೆ ನೀರು.

"ಉಪ್ಪಿನಕಾಯಿ ತಾಮ್ರದಾಗ ಇಡಬಾರದು, ಕಿಲುಬ ಬಿಡ್ತದ ಅಂತ ನಮ್ಮವ್ವ ಹೇಳ್ತಿದ್ದಳು. ನನಗ ಗೊತ್ತಿತ್ತು. ಗೊತ್ತಿದ್ದೂ ನಾನ ಇವಕ್ಕ ವಿಷ ಹಾಕಿದೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಕ್ಯಾನಿನಲ್ಲಿ ಕೊಂಚ ನೀರು ಉಳಿದಿತ್ತು. ಅದಷ್ಟನ್ನೂ ಬಕೆಟ್ಟಿಗೆ ಸುರಿದು, ದೊಡ್ಡ ತೊಟ್ಟಿಯಿಂದಲೂ ಒಂದಿಷ್ಟು ಬೆರೆಸಿ, ಮೀನುಗಳನ್ನು ಅದರೊಳಗೆ ಬಿಟ್ಟೆವು. ಕರೆಂಟು ಬರಲಿಲ್ಲ. ನಾನೊಂದು ಲೋಟ, ಕಾಕು ಒಂದು ಲೋಟ, ಸುರಿದೇ ಸುರಿದೆವು. ಹೊತ್ತು ಇಳಿಯುವಾಗ ಮಗ್ಗುಲಾಗಿದ್ದ ಮೀನು ನೇರವಾಗುವುದನ್ನು ಬಿಟ್ಟಿತು. ಕಾಕು ಅದನ್ನು ಬರಿಗೈಯಲ್ಲಿ ಎತ್ತಿದಳು. ಡಬ್ಬಿಯನ್ನೇ ಮುಟ್ಟದಿದ್ದವಳು ಮೀನನ್ನು ಅಂಗೈಯಲ್ಲಿಟ್ಟುಕೊಂಡು ಒಯ್ದು ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದಳು. ಸ್ನಾನಕ್ಕೆ ಹೋಗಲಿಲ್ಲ. ಬಂದು ಮತ್ತೆ ಲೋಟ ಹಿಡಿದಳು. ಇನ್ನೊಂದು ಮೀನು ತಳದಲ್ಲಿ ಕೂತು ಕಿವಿರು ಆಡಿಸುತ್ತಿತ್ತು.

"ಕಾಕು, ನಾನ ದವಾ ಹೆಚ್ಚ ಹಾಕಿದೆ ಅಂತ ಕಾಕಾಗ ಹೇಳ್ತೇನಿ" ಎಂದೆ. "ನನಗ ಬೈತಾರ, ಮುಗೀತದ."

"ಯಾಕ? ಸುಳ್ಳ ಹೇಳಿ ಉಳಿಸಿಕೊಂಡ ಗಂಡ ಎಷ್ಟ ದಿನ ಉಳಿತಾನ? ನಾನೇ ಹೇಳ್ತೇನಿ."

ಮರುದಿನ ಬೆಳಿಗ್ಗೆ ಲಾರಿ ಬಂತು. ಕಾಕಾ ಕ್ಯಾನುಗಳನ್ನು ಇಳಿಸಿಕೊಂಡು ಅಂಗಳಕ್ಕೆ ಬಂದ. ಅಲ್ಲಿ ಕೊಡ ಮಗ್ಗುಲಾಗಿ ಬಿದ್ದಿತ್ತು, ಬಾಯಿ ಅವನ ಕಡೆಗೇ ಇತ್ತು. ಅವನ ಹೆಜ್ಜೆ ನಿಂತಿತು. ಬಗ್ಗಿ ಕೊಡದೊಳಗೆ ನೋಡಿದ, ಬೆರಳಿನಿಂದ ಕಿಲುಬು ಕೆರೆದು ನೋಡಿದ. ಒಳಗೆ ಹೋಗಿ ಬಕೆಟ್ಟು ನೋಡಿದ. ಒಂದೇ ಮೀನು. ಕಾಕು ಕಂಬಕ್ಕೆ ಆತು ನಿಂತಿದ್ದಳು.

"ನಾನ ಹಾಕಿದೆ" ಎಂದಳು. "ಕೊಡದಾಗ ಇಟ್ಟು ಹಾಕಿದೆ. ಒಂದ ಹೋತು, ಇನ್ನೊಂದ ಇವತ್ತ ನಾಳಿ. ನೀವ ಯಾವಾಗ ಗಂಟ ಕಟ್ತೀರಿ ಹೇಳಿಬಿಡ್ರಿ. ಕಾಯೂದ ನನಗ ಇನ್ನ ಆಗಂಗಿಲ್ಲ."

ಕಾಕಾ ಹೊಸ ಕ್ಯಾನು ತೆರೆದು ಮೀನಿನ ನೀರು ಬದಲಿಸಿದ. ಆಮೇಲೆ ಅಂಗಳಕ್ಕೆ ಹೋಗಿ ಕೊಡ ಎತ್ತಿಕೊಂಡ. ಅದನ್ನು ಹೊರಗೆಸೆಯುತ್ತಾನೆ ಎಂದೇ ನಾನು ತಿಳಿದೆ. ಅವನು ಅಡುಗೆಮನೆಯಿಂದ ಹುಣಸೆಹಣ್ಣು ತಂದ. ಕೋಲಿನ ತುದಿಗೆ ಅರಿವೆ ಸುತ್ತಿ ಕಟ್ಟಿದ. ಕಲ್ಲಿನ ಮೇಲೆ ಕೂತು, ಕೊಡವನ್ನು ಮಂಡಿಗಳ ನಡುವೆ ಹಿಡಿದು, ಒಳಗೆ ಕೋಲು ತೂರಿಸಿ ತಿಕ್ಕತೊಡಗಿದ.

"ಇಪ್ಪತ್ತ ವರ್ಷ ಇದೇ ಕೆಲಸ ಮಾಡೇನಿ ಬೇ" ಎಂದ ತಿಕ್ಕುತ್ತಲೇ. "ಸಮುದ್ರದ ನೀರ ತಾಮ್ರದ ಪೈಪಿಗಿ ಹಿಂಗೇ ಹಸಿರ ಹಿಡಸ್ತದ. ಹಗಲೆಲ್ಲ ತಿಕ್ಕೂದು. ರಜಾಕ್ಕ ಬಂದಾಗ ಶಂಖದ ಕತಿ ಹೇಳಿದೆ, ಮುತ್ತಿನ ಕತಿ ಹೇಳಿದೆ. ಇದೊಂದ ನಿನಗ ಹೇಳಲಿಲ್ಲ. ಹೇಳಿದ್ರ ಮೀನ ಉಳೀತಿತ್ತು."

ಕಾಕಾ ಕೊಡ ತೊಳೆದ, ಮತ್ತೆ ತೊಳೆದ, ಆ ದಿನದ ಪಾಳಿಯ ಬಾವಿ ನೀರು ತುಂಬಿದ. ಮನೆಯೊಳಗೆ ಒಯ್ದು ಅದು ಯಾವಾಗಲೂ ಇರುತ್ತಿದ್ದ ಮೂಲೆಯಲ್ಲಿಟ್ಟ. ಲೋಟ ಅದ್ದಿ ನೀರು ತೆಗೆದು, ಅವಳ ಎದುರಿಗೇ ನಿಂತು ಗಟಗಟ ಕುಡಿದ.

"ಹೋಗಬೇಕಂತಿದ್ರ ನಿನ್ನೆ ಮುಂಬೈಯಾಗ ಇದ್ದೆನಲ್ಲ. ಅಲ್ಲಿಂದಲೇ ಬಂದೇನಿ. ಹಸಿವ್ಯಾಗ್ಯದ, ರೊಟ್ಟಿ ಬಡಿ" ಎಂದ.

ಕಾಕು ಆಗ ಅತ್ತಳು. ನ್ಯಾಯವಾಗಿ ನಾನು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಬಕೆಟ್ಟಿನ ಮುಂದೆ ಬಗ್ಗಿ, ಬಹಳ ಮಹತ್ವದ ರೋಗಪರೀಕ್ಷೆ ಮಾಡುವವನ ಹಾಗೆ ಮೀನಿನ ಕಿವಿರು ನೋಡುತ್ತ ಕೂತೆ.

ಆ ಒಂದು ಮೀನು ಉಳಿಯಿತು. ಜೊತೆಗಾರ ಇಲ್ಲದೆಯೂ ಬಹಳ ಕಾಲ ಬದುಕಿತು, ಆಮೇಲೆ ಯಾವ ಬ್ಯಾನಿಯೂ ಇಲ್ಲದೆ ಒಂದು ಚಳಿಗಾಲದಲ್ಲಿ ಹೋಯಿತು. ಕಾಕಾ ತೊಟ್ಟಿ ತೊಳೆದು ಬೋರಲು ಹಾಕಿದ. ಗಂಟು ಕಟ್ಟುವ ಮಾತು ಯಾರೂ ಎತ್ತಲಿಲ್ಲ. ಮುಂಬೈಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸುತ್ತೇನೆ ಎಂದು ಅವನು ಕಾಕುವನ್ನು ಎಷ್ಟು ಸಲ ಕರೆದನೋ. "ಒಂದ ಬೆರಳ ನೆಕ್ಕೇನಲ್ಲ, ಸಾಕು" ಎಂದೇ ಅವಳ ಉತ್ತರ.

ನನ್ನ ಮದುವೆಗೆ ಕಾಕು ಕೊಟ್ಟದ್ದು ಆ ಕೊಡವನ್ನೇ. ಹಡಗಿನವನ ಕೋಲಿಗೂ ಸಿಗದ ತಿರುವಿನಲ್ಲಿ ಒಂದಿಷ್ಟು ಹಸಿರು ಉಳಿದಿತ್ತು. ನಾವು ಅದರ ನೀರು ಕುಡಿಯುವುದಿಲ್ಲ, ಮಲ್ಲಿಗೆ ಬಳ್ಳಿಗೆ ಹಾಕುತ್ತೇವೆ. ಈ ಸೋಮವಾರ ಹೆಂಡತಿ ಮತ್ತೆ ಬಾಂಡೆ ಅಂಗಡಿಯ ಮಾತು ತೆಗೆದಳು. ನಾನು ಪೇಪರು ಎತ್ತಲಿಲ್ಲ. ಕೋಲಿಗೆ ಅರಿವೆ ಸುತ್ತಿಕೊಂಡು ಅವಳ ಪಕ್ಕ ಹೋಗಿ ಕೂತೆ, ಇಷ್ಟನ್ನೂ ಹೇಳಿದೆ. ಅವಳು ಬಹಳ ಹೊತ್ತು ಕೊಡದೊಳಗೆ ನೋಡಿದಳು. ಆಮೇಲೆ ನನ್ನ ಕೈಯಿಂದ ಕೋಲು ತೆಗೆದು ಗೋಡೆಗೆ ಆನಿಸಿಟ್ಟು, ಹೊರಗಿನ ಮೈಯನ್ನಷ್ಟೇ ತಿಕ್ಕಿ ಎದ್ದಳು.